ಕಾಶಿಯ ದಳ್ಳಾಳಿಯೂ ಟಿ.ವಿ. ಪಟ್ಟಿಯೂ

ಕಾಶಿಗೆ ಹೋಗಿ ಬಂದ ನಮ್ಮ ಓದುಗರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ರೈಲಿನಿಂದಿಳಿದು ನಿಲ್ದಾಣದ ಹೊರಗೆ ಕಾಲಿಡುವುದೇ ತಡ, ದಾರಿ ತೋರಿಸುವವರು ಸುತ್ತುಗಟ್ಟುತ್ತಾರೆ. ಒಬ್ಬ ಅಗ್ಗದ ಕೋಣೆ ಕೊಡಿಸುತ್ತೇನೆಂದು ಚೀಲಕ್ಕೆ ಕೈ ಹಾಕುತ್ತಾನೆ. ಇನ್ನೊಬ್ಬ ಮಗ್ಗದವನ ಮನೆಯಿಂದಲೇ ರೇಷ್ಮೆ ಸೀರೆ ಕೊಡಿಸುತ್ತೇನೆಂದು ಗಂಗೆಯ ಮೇಲೆ ಆಣೆ ಇಡುತ್ತಾನೆ. ಅವನು ಕೇಳುವ ಬಾಡಿಗೆ ಕಡಿಮೆಯೇ. ಆದರೆ ರಿಕ್ಷಾ ಯಾವ ಅಂಗಡಿಯ ಮುಂದೆ ನಿಲ್ಲಬೇಕೆಂಬುದನ್ನು ತೀರ್ಮಾನಿಸುವವನು ಅವನೇ. ನಾವು ಕೊಟ್ಟ ಸೀರೆಯ ಬೆಲೆಯಲ್ಲಿ ಅವನ ಪಾಲೂ ಸೇರಿತ್ತೆಂಬುದು ಊರಿಗೆ ಬಂದು ನಾಲ್ಕು ಜನರೊಡನೆ ಲೆಕ್ಕ ಹಾಕಿದಾಗ ತಿಳಿಯುತ್ತದೆ. ದಾರಿ ತೋರಿಸಿದವನು ನಮ್ಮ ಆಳೆಂದು ನಾವು ತಿಳಿದಿದ್ದೆವು. ಅವನು ಅಂಗಡಿಯವನ ಆಳಾಗಿದ್ದ.

ಆ ಬಡ ರಿಕ್ಷಾದವನನ್ನು ಬೈಯುವುದಕ್ಕಾಗಿ ನಾವು ಲೇಖನಿ ಹಿಡಿದಿಲ್ಲ. ಅವನೂ ನಮ್ಮಂತೆಯೇ ಹೊಟ್ಟೆಪಾಡಿನವನು. ನಾವು ಬರೆಯಹೊರಟಿರುವುದು ಅವನಿಗಿಂತ ಬಹಳ ದೊಡ್ಡ ದಳ್ಳಾಳಿಯೊಬ್ಬನ ವಿಷಯ. ಅವನು ನಿಲ್ದಾಣದ ಬಾಗಿಲಲ್ಲಿ ನಿಲ್ಲುವುದಿಲ್ಲ. ನಮ್ಮ ಕೋಣೆಯ ಗೋಡೆಯ ಮೇಲೆಯೇ ಇದ್ದಾನೆ. ಅವನಿಗೆ ತಿಂಗಳು ತಿಂಗಳು ನಾವೇ ಹಣ ಕಟ್ಟುತ್ತಿದ್ದೇವೆ. ಟಿ.ವಿ.ಯ ರಿಮೋಟು ಒತ್ತಿದಾಗ ಪರದೆಯ ಮೇಲೆ ಮೂಡುವ ಚಾನೆಲ್ ಪಟ್ಟಿಯೇ ಆ ದಳ್ಳಾಳಿ. ಎಲೆಕ್ಟ್ರಾನಿಕ್ ಪ್ರೋಗ್ರಾಮ್ ಗೈಡ್ ಎಂದು ಅದರ ದೊಡ್ಡ ಹೆಸರು. ಗೈಡ್ ಎಂದರೆ ದಾರಿ ತೋರಿಸುವವನು ಎಂದೇ ಅರ್ಥವಷ್ಟೆ. ನಾವು ಅದನ್ನು ಪಟ್ಟಿಯೆಂದೇ ಕರೆಯೋಣ.

ಕಾಶಿಯ ಒಂದು ಸಂಜೆ

ಈ ಯೋಚನೆ ನಮಗೆ ಹುಟ್ಟಿದ್ದೂ ಕಾಶಿಯಲ್ಲಿಯೇ. ಕಳೆದ ಚಳಿಗಾಲದಲ್ಲಿ ನಮ್ಮ ಸಂಘದ ಕೆಲವರು ಯಾತ್ರೆಗೆ ಹೋಗಿದ್ದರು. ಗಿರಣಿಯಲ್ಲಿ ದುಡಿದು 1982ರ ಮುಷ್ಕರದ ನಂತರ ಮತ್ತೆ ಒಳಗೆ ಕಾಲಿಡಲಾಗದ ವಿಜಾಪುರದ ಕಡೆಯ ಹಿರಿಯರೊಬ್ಬರಿದ್ದರು. ಹೋಟೆಲುಗಳಲ್ಲಿ ಸಪ್ಲಾಯರಾಗಿಯೂ ಬಿಲ್ಲು ಬರೆಯುವವರಾಗಿಯೂ ಇರುವ ಕುಂದಾಪುರದ ಹುಡುಗರಿದ್ದರು. ಗಂಗಾರತಿ ಮುಗಿಸಿಕೊಂಡು ಎಲ್ಲರೂ ತಂಗಿದ್ದ ವಸತಿಗೃಹಕ್ಕೆ ಬಂದರು. ಕೋಣೆಯಲ್ಲಿ ಟಿ.ವಿ. ಇತ್ತು. ಹಿರಿಯರು ಹಾಸಿಗೆಯ ಮೇಲೆ ಕಾಲು ಚಾಚಿ, "ಏ ತಮ್ಮಾ, ನಮ್ಮ ಕಡೀ ಸುದ್ದಿ ಹಚ್ಚು ನೋಡೂಣು" ಎಂದರು.

ಹುಡುಗ ಗುಂಡಿ ಒತ್ತಿದ. ಯಾರೂ ಕೇಳದ ಹಿಂದಿ ಸುದ್ದಿ ಚಾನೆಲೊಂದು ಬೊಬ್ಬೆ ಹಾಕುತ್ತ ಎದುರು ನಿಂತಿತು. ಅದನ್ನು ಬದಲಿಸಿ ಪಟ್ಟಿ ತೆರೆದರೆ ಹಿಂದಿ ಮನರಂಜನೆ, ಹಿಂದಿ ಸಿನಿಮಾ, ಹಿಂದಿ ಸುದ್ದಿ, ಭೋಜಪುರಿ, ಭಜನೆ. ಪುಟ ತಿರುಗಿಸಿದಷ್ಟೂ ಅವೇ. ಕೊನೆಕೊನೆಗೆ ಒಂದೆರಡು ತಮಿಳು, ತೆಲುಗು ಹೆಸರುಗಳು. "ಕಾಕಾ, ಎಂತದೂ ಕಾಂತಿಲ್ಲ ಕಾಣಿ" ಎಂದು ಹುಡುಗ ಕೈಚೆಲ್ಲಿದ. ಅಷ್ಟರಲ್ಲಿ ವಿದ್ಯುತ್ತು ಹೋಗಿ ಬಂತು. ಮತ್ತೆ ಅದೇ ಬೊಬ್ಬೆಯ ಚಾನೆಲು! ಅರ್ಧ ಗಂಟೆ ಹುಡುಕಿದ ಮೇಲೆ, ನಾಲ್ಕು ಅಂಕಿಯ ನಂಬರೊಂದರ ಬಳಿ ಸರಕಾರದ ಚಂದನ ಸಿಕ್ಕಿತು. ಅದರ ಮುಂದೆ ಕಾರ್ಯಕ್ರಮದ ಹೆಸರಿರಲಿಲ್ಲ. 'ಮಾಹಿತಿ ಲಭ್ಯವಿಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಒತ್ತಿ ನೋಡಿದರೆ ಸೊಗಸಾದ ಪ್ರಶ್ನೋತ್ತರ ಕಾರ್ಯಕ್ರಮ ನಡೆಯುತ್ತಿತ್ತು, ಮುಗಿಯಲು ಐದು ನಿಮಿಷವಿತ್ತು. ಹಿರಿಯರು ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಿ, ಮಗ್ಗುಲಾಗಿ ಮಲಗಿದರು.

ಇದೇನು ಮಹಾ ಅನ್ಯಾಯ, ಕಾಶಿಯಲ್ಲಿ ಕನ್ನಡ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಅವರಿಗೆ ಕಾಶಿ ಗೊತ್ತಿಲ್ಲ. ಜಂಗಮವಾಡಿ ಮಠದ ಅಂಗಳದಲ್ಲಿ ನಿಂತರೆ ಕನ್ನಡ ಕಿವಿಗೆ ಬೀಳುತ್ತದೆ. ಹನುಮಾನ್ ಘಾಟಿನ ಪಕ್ಕದ ಸೋಪಾನಕ್ಕೆ ಕರ್ನಾಟಕ ಘಾಟ್ ಎಂದೇ ಹೆಸರು. ಮೈಸೂರು ಸಂಸ್ಥಾನ ಕಟ್ಟಿಸಿದ್ದು ಅದು. 2022ರ ನವೆಂಬರಿನಿಂದ ಕರ್ನಾಟಕ ಸರಕಾರ ಯಾತ್ರಿಕರಿಗೆ ಸಹಾಯಧನ ಕೊಟ್ಟು 'ಕಾಶಿ ದರ್ಶನ' ರೈಲನ್ನೇ ಓಡಿಸಿತು. ಕನ್ನಡಿಗರನ್ನು ರೈಲು ಕಾಶಿಗೆ ಮುಟ್ಟಿಸಬಲ್ಲದು. ಕನ್ನಡವನ್ನು ತಂತಿ ಮುಟ್ಟಿಸಲಾರದೆ?

ಆದರೆ ಮಾತು ಕಾಶಿಯದಷ್ಟೇ ಅಲ್ಲ. ಆ ಕೋಣೆಯಲ್ಲಿ ನಡೆದದ್ದೇ ಮುಂಬಯಿಯ ನಮ್ಮ ಹೋಟೆಲಿನ ಅಟ್ಟದ ಮೇಲೆಯೂ, ಚಾಳಿನ ಖೋಲಿಯಲ್ಲಿಯೂ ದಿನಾಲೂ ನಡೆಯುತ್ತಿದೆ. ಅಲ್ಲಿ ಹೊಸಬರಾದ ಕಾರಣ ನಮ್ಮವರ ಕಣ್ಣಿಗೆ ಬಿತ್ತು; ಇಲ್ಲಿ ಅಭ್ಯಾಸವಾಗಿ ಹೋಗಿದೆ.

ನಂಬರಿಗೆ ಬೆಲೆ

ಪಟ್ಟಿಯಲ್ಲಿ ಯಾವ ಚಾನೆಲು ಎಲ್ಲಿ ಕೂರಬೇಕೆಂಬುದು ತಾನಾಗಿ ಆಗುವುದಲ್ಲ. ಹಿಂದೆ ಕೇಬಲಿನ ತಂತಿಯಲ್ಲಿ ಸುಮಾರು 80ರಿಂದ 100 ಚಾನೆಲುಗಳಿಗೆ ಮಾತ್ರ ಜಾಗವಿತ್ತು. ಚಿತ್ರ ಸ್ವಚ್ಛವಾಗಿ ಬರುವ ಮೊದಲ ಸ್ಥಾನಗಳಿಗಾಗಿ ಚಾನೆಲಿನ ಮಾಲೀಕರು ಕೇಬಲಿನ ಮಾಲೀಕರಿಗೆ ಹಣ ಸುರಿಯುತ್ತಿದ್ದರು. ಈ ರೋಗಕ್ಕೆ ಡಿಜಿಟಲ್ ಪೆಟ್ಟಿಗೆಯೇ ಮದ್ದೆಂದು ನಮಗೆ ಹೇಳಲಾಯಿತು. ಜಾಗ ಬೇಕಾದಷ್ಟಾಗುತ್ತದೆ, ಎಲ್ಲ ಭಾಷೆಗೂ ಎಡೆಯಿರುತ್ತದೆ, ಬಳಕೆದಾರನೇ ಅರಸು ಎಂದು ಸಾರಲಾಯಿತು. ಮುಂಬಯಿಗೆ 2012ರ ಅಕ್ಟೋಬರ್ 31ರ ಗಡುವು. ಎರಡನೆಯ ಹಂತದ 38 ನಗರಗಳಿಗೆ 2013ರ ಮಾರ್ಚ್ 31ರ ಗಡುವು. ಆ ಎರಡನೆಯ ಪಟ್ಟಿಯಲ್ಲಿ ಕಾಶಿಯೂ ಇತ್ತು, ಬೆಂಗಳೂರು, ಮೈಸೂರು, ಸೊಲ್ಲಾಪುರಗಳೂ ಇದ್ದವು. ಪೆಟ್ಟಿಗೆಯ ಹಣವನ್ನು ಕಟ್ಟಿದವರು ನಾವು.

ಜಾಗ ಹೆಚ್ಚಿತು ನಿಜ. ಆದರೆ ಐನೂರು ಚಾನೆಲಿನ ಪೇಟೆಯಲ್ಲಿ ಮುಂದಿನ ಅಂಗಡಿಗೆ ಬೆಲೆ ಏರುವುದೇ ಹೊರತು ಇಳಿಯುವುದಿಲ್ಲ. ದಣಿದು ಬಂದವನು ನಾಲ್ಕು ಪುಟ ತಿರುಗಿಸುತ್ತಾನೆ, ನಲವತ್ತು ಪುಟ ತಿರುಗಿಸುವುದಿಲ್ಲ. ಇದನ್ನು ಚಾನೆಲಿನ ಮಾಲೀಕರು ಚೆನ್ನಾಗಿ ಬಲ್ಲರು. ಆದುದರಿಂದ ಮೊದಲ ಪುಟದ ನಂಬರಿಗೆ ಬೆಲೆ ಬಂದಿತು. ಪೆಟ್ಟಿಗೆ ಹಚ್ಚಿದೊಡನೆ ತೆರೆದುಕೊಳ್ಳುವ ಸ್ಥಾನಕ್ಕೆ ಎಲ್ಲಕ್ಕಿಂತ ಹೆಚ್ಚಿನ ಬೆಲೆ ಬಂದಿತು. ಅದಕ್ಕೆ ಲ್ಯಾಂಡಿಂಗ್ ಪೇಜ್ ಎಂದು ಹೆಸರು. ಕಾಶಿಯಲ್ಲಿ ನಮ್ಮವರ ಮುಂದೆ ಎರಡು ಬಾರಿ ಬೊಬ್ಬೆ ಹಾಕಿದ್ದು ಅಂಥ ಸ್ಥಾನದಲ್ಲಿ ಕುಳಿತ ಚಾನೆಲು.

ಇಷ್ಟು ಹಣ ಕೊಟ್ಟು ಬೇಡದವರ ಮುಂದೆ ಬೊಬ್ಬೆ ಹಾಕುವುದರಿಂದ ಏನು ಲಾಭ? ಲಾಭ ಲೆಕ್ಕದಲ್ಲಿದೆ. ಯಾವ ಚಾನೆಲನ್ನು ಎಷ್ಟು ಜನ ನೋಡಿದರೆಂದು ವಾರ ವಾರ ಎಣಿಸುವ ಸಂಸ್ಥೆಯ ಹೆಸರು ಬಾರ್ಕ್. ದೇಶದಲ್ಲಿ ಟಿ.ವಿ. ಇರುವ ಮನೆಗಳು ಸುಮಾರು 23 ಕೋಟಿ. ಎಣಿಸುವ ಮೀಟರು ಇರುವುದು ಸುಮಾರು 58,000 ಮನೆಗಳಲ್ಲಿ. ಇವು 2025ರಲ್ಲಿ ಸರಕಾರವೇ ಹೇಳಿದ ಅಂಕಿಗಳು. ಎಂದರೆ ಸುಮಾರು ನಾಲ್ಕು ಸಾವಿರ ಮನೆಗೆ ಒಂದು ಮೀಟರು. ಮೀಟರಿರುವ ಮನೆಯಲ್ಲಿ ಪೆಟ್ಟಿಗೆ ಹಚ್ಚಿದಾಗ ತಾನಾಗಿ ತೆರೆದುಕೊಂಡ ಚಾನೆಲು ಕೆಲಕಾಲ ಹಾಗೆಯೇ ಇದ್ದರೆ, ಆ ಮನೆಯವರು ಅದನ್ನು ನೋಡಿದರೆಂದು ದಾಖಲಾಗುವ ದಾರಿಯುಂಟು. ಅಂಕಿ ಏರಿತು, ಜಾಹೀರಾತಿನ ದರ ಏರಿತು, ಸುರಿದ ಹಣ ಬಡ್ಡಿಸಹಿತ ಬಂತು! ಇಂಥ ನೋಟವನ್ನು ಲೆಕ್ಕದಿಂದ ಸೋಸಿ ತೆಗೆಯುವ ಕ್ರಮವನ್ನು ಬಾರ್ಕ್ 2020ರಲ್ಲಿ ತಂದಿತು. ಆದರೂ ಜಗಳ ನಿಲ್ಲಲಿಲ್ಲ.

ಈ ತಕ್ಕಡಿ ಯಾರದೆಂಬುದನ್ನೂ ನಮ್ಮ ಓದುಗರು ತಿಳಿದಿರಬೇಕು. ಬಾರ್ಕಿನಲ್ಲಿ ನೂರಕ್ಕೆ 60 ಪಾಲು ಚಾನೆಲಿನ ಮಾಲೀಕರ ಸಂಘದ್ದು. ಉಳಿದ 40ರಲ್ಲಿ ಜಾಹೀರಾತು ಕೊಡುವವರಿಗೆ 20, ಜಾಹೀರಾತು ಮಾಡುವ ಏಜೆನ್ಸಿಗಳಿಗೆ 20. ನೋಡುವವನಿಗೆ ಎಷ್ಟು? ಸೊನ್ನೆ. 2020ರ ಅಕ್ಟೋಬರಿನಲ್ಲಿ, ಮೀಟರಿರುವ ಮನೆಗಳಿಗೆ ಹಣ ಕೊಟ್ಟು ಚಾನೆಲು ಹಾಕಿಸಿಡಲಾಗುತ್ತಿದೆ ಎಂಬ ಆಪಾದನೆಯ ಮೇಲೆ ಮುಂಬಯಿ ಪೊಲೀಸರು ಮೊಕದ್ದಮೆ ಹೂಡಿದರು. ಸುದ್ದಿ ಚಾನೆಲುಗಳ ಅಂಕಿ ಪ್ರಕಟಣೆಯೇ 2022ರ ಮಾರ್ಚ್‌ವರೆಗೆ ನಿಂತುಹೋಯಿತು. 2024ರಲ್ಲಿ ಆ ಮೊಕದ್ದಮೆಯನ್ನು ಸರಕಾರ ಹಿಂತೆಗೆದುಕೊಂಡಿತು. ಆಪಾದನೆ ನಿಜವೋ ಸುಳ್ಳೋ, ವಿಚಾರಣೆ ಪೂರ್ತಿಯಾಗಿ ತೀರ್ಪು ಬರಲಿಲ್ಲ. ದೊಡ್ಡವರ ಜಗಳ ಹೀಗೆಯೇ ಮುಗಿಯುತ್ತದೆ; ಗಲ್ಲಾದಲ್ಲಿ ಹತ್ತು ರೂಪಾಯಿ ಕಡಿಮೆಯಾದರೆ ನಮ್ಮ ಹುಡುಗನ ಜಗಳ ಮಾತ್ರ ಅದೇ ಸಂಜೆ ಮುಗಿಯಬೇಕು.

ಕಾನೂನು ಉಂಟು, ಸಂದೂ ಉಂಟು

ಕಾನೂನಿಲ್ಲವೆಂದು ನಾವು ಹೇಳುವುದಿಲ್ಲ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2017ರ ಮಾರ್ಚ್ 3ರಂದು ನಿಯಮಗಳನ್ನು ಮಾಡಿತು. ಭಕ್ತಿ, ಮನರಂಜನೆ, ಸುದ್ದಿ, ಕ್ರೀಡೆ, ಮಕ್ಕಳು ಮುಂತಾಗಿ ಒಂಬತ್ತು ವರ್ಗಗಳು. ಒಂದು ವರ್ಗದ ಚಾನೆಲುಗಳೆಲ್ಲ ಒಟ್ಟಿಗಿರಬೇಕು. ಆ ವರ್ಗದೊಳಗೆ ಒಂದು ಭಾಷೆಯವೆಲ್ಲ ಒಟ್ಟಿಗಿರಬೇಕು. ಒಂದು ಚಾನೆಲು ಒಂದೇ ಕಡೆ ಕಾಣಿಸಬೇಕು. ಕೊಟ್ಟ ನಂಬರನ್ನು ಒಂದು ವರ್ಷವಾದರೂ ಬದಲಿಸಬಾರದು. 2020ರ ಜನವರಿಯಲ್ಲಿ ಇನ್ನಷ್ಟು ಬಿಗಿ ಮಾಡಿ, ಪಟ್ಟಿಯ ಕ್ರಮವನ್ನು ಟ್ರಾಯ್‌ಗೆ ಒಪ್ಪಿಸಬೇಕು, ಅದರ ಅನುಮತಿಯಿಲ್ಲದೆ ಬದಲಿಸಬಾರದು ಎಂದಿತು. ಒಳ್ಳೆಯ ಮಾತುಗಳೇ. ಅದಕ್ಕೆ ಮೊದಲು ಒಂದೇ ಸುದ್ದಿ ಚಾನೆಲು ಪಟ್ಟಿಯಲ್ಲಿ ಎರಡು ಮೂರು ಕಡೆ ವೇಷ ಹಾಕಿ ಕೂರುತ್ತಿದ್ದುದರ ಬಗ್ಗೆ, 2017ರ ಮೇ ತಿಂಗಳಲ್ಲಿ, ಚಾನೆಲುಗಳೇ ಒಂದರ ಮೇಲೊಂದು ದೂರು ಹೇಳಿಕೊಂಡಿದ್ದವು.

ಆದರೆ ಸಂದು ಎಲ್ಲಿದೆ ನೋಡಿ. ಒಂದು ಭಾಷೆಯ ಚಾನೆಲುಗಳು ಒಟ್ಟಿಗಿರಬೇಕೆಂದು ನಿಯಮ ಹೇಳಿತು. ಯಾವ ಭಾಷೆ ಮೊದಲು, ಆ ಭಾಷೆಯಲ್ಲಿ ಯಾರು ಮೊದಲು ಎಂದು ಹೇಳಲಿಲ್ಲ. ಅದು ಪೆಟ್ಟಿಗೆಯ ಮಾಲೀಕನ ಮರ್ಜಿ. ಮರ್ಜಿ ಇರುವಲ್ಲಿ ವ್ಯಾಪಾರ ಹುಟ್ಟುತ್ತದೆ. ಇನ್ನು ಲ್ಯಾಂಡಿಂಗ್ ಪೇಜಿನ ಕಥೆ. 2017ರ ನವೆಂಬರ್ 8ರಂದು ಟ್ರಾಯ್ ಅದನ್ನು ನಿಷೇಧಿಸಿತು; ತಡೆ ಬಂತು. 2018ರ ಡಿಸೆಂಬರಿನಲ್ಲಿ ಮತ್ತೆ ನಿರ್ದೇಶ ಹೊರಡಿಸಿತು. 2019ರ ಮೇ ತಿಂಗಳಲ್ಲಿ ಟಿ.ಡಿ.ಸ್ಯಾಟ್ ಎಂಬ ನ್ಯಾಯಮಂಡಳಿ ಅದನ್ನು ರದ್ದುಪಡಿಸಿತು. ಟ್ರಾಯ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2025ರ ನವೆಂಬರಿನಲ್ಲಿ ವಾರ್ತಾ ಮಂತ್ರಾಲಯ ಪ್ರಕಟಿಸಿದ ಕರಡಿನಲ್ಲಿ, ಅಲ್ಲಿನ ನೋಟವನ್ನು ಎಣಿಕೆಗೆ ಹಿಡಿಯಬಾರದು, ಆ ಸ್ಥಾನವನ್ನು ಪ್ರಚಾರಕ್ಕಷ್ಟೇ ಬಳಸಬೇಕು ಎಂದಿತು. ನಿಷೇಧದಿಂದ ಹೊರಟು ಎಂಟು ವರ್ಷಗಳಲ್ಲಿ ನಾವು ಮುಟ್ಟಿದ್ದು 'ಪ್ರಚಾರಕ್ಕಷ್ಟೇ' ಎಂಬಲ್ಲಿಗೆ! ನಮ್ಮ ಹಣ ಕಟ್ಟಿದ ಪೆಟ್ಟಿಗೆಯ ಬಾಗಿಲಲ್ಲಿ ಇನ್ನೊಬ್ಬನ ಪ್ರಚಾರ ಏಕೆಂದು ಯಾವ ಕರಡೂ ಕೇಳಲಿಲ್ಲ.

ನೂರಕ್ಕೆ ಐದರ ಗೇಟು

ಕನ್ನಡಿಗರನ್ನು ಹೊರಗಿಡುವ ಗೇಟು ಇದಕ್ಕಿಂತಲೂ ಬೇರೆ, ಇದಕ್ಕಿಂತಲೂ ಗಟ್ಟಿ. ಅದರ ಲೆಕ್ಕವನ್ನು ನಿಧಾನವಾಗಿ ಓದಬೇಕೆಂದು ನಮ್ಮ ವಿನಂತಿ.

2017ರ ನಿಯಮದಂತೆ, ಒಂದು ಪ್ರದೇಶದ ಗಿರಾಕಿಗಳಲ್ಲಿ ನೂರಕ್ಕೆ 20ಕ್ಕಿಂತ ಹೆಚ್ಚು ಮಂದಿ ಒಂದು ಚಾನೆಲನ್ನು ಪಡೆದಿದ್ದರೆ, ಆ ಚಾನೆಲು ಪೆಟ್ಟಿಗೆಯವನಿಗೆ ಸಾಗಣೆ ಶುಲ್ಕ ಕೊಡಬೇಕಾಗಿಲ್ಲ. ನೂರಕ್ಕೆ 5ಕ್ಕಿಂತ ಕಡಿಮೆಯಿದ್ದರೆ ಪೂರ್ತಿ ಶುಲ್ಕ: ಒಂದು ಪೆಟ್ಟಿಗೆಗೆ ತಿಂಗಳಿಗೆ 20 ಪೈಸೆಯವರೆಗೆ. ಆ ಚಾನೆಲನ್ನು ಕೇಳಿದವನ ಪೆಟ್ಟಿಗೆಗಷ್ಟೇ ಅಲ್ಲ, ಎಲ್ಲ ಪೆಟ್ಟಿಗೆಗಳಿಗೂ. ಅದಲ್ಲದೆ, ಆರು ತಿಂಗಳು ಸತತವಾಗಿ ನೂರಕ್ಕೆ 5 ದಾಟದ ಚಾನೆಲನ್ನು ಪೆಟ್ಟಿಗೆಯವನು ಕೈಬಿಡಬಹುದು.

ಲೆಕ್ಕಕ್ಕಾಗಿ ಹತ್ತು ಲಕ್ಷ ಪೆಟ್ಟಿಗೆಗಳಿವೆ ಎಂದು ಹಿಡಿಯೋಣ. ಅದರಲ್ಲಿ ನೂರಕ್ಕೊಂದು ಕನ್ನಡದ ಮನೆ. ಎಂದರೆ ಹತ್ತು ಸಾವಿರ ಮನೆ. ಸಣ್ಣ ಸಂಖ್ಯೆಯಲ್ಲ, ಒಂದು ಪಟ್ಟಣದಷ್ಟು ಜನ. ಕನ್ನಡ ಚಾನೆಲು ಕೊಡಬೇಕಾದ ಶುಲ್ಕ ಹತ್ತು ಲಕ್ಷ ಗುಣಿಸು 20 ಪೈಸೆ, ಎಂದರೆ ತಿಂಗಳಿಗೆ ಎರಡು ಲಕ್ಷ ರೂಪಾಯಿ. ಹತ್ತು ಸಾವಿರ ಮನೆಗೆ ಹಂಚಿದರೆ ಮನೆಯೊಂದಕ್ಕೆ 20 ರೂಪಾಯಿ. ಇತ್ತ, ಗುಚ್ಛದಲ್ಲಿ ಸೇರಿಸಿ ಮಾರುವ ಚಾನೆಲಿನ ಬೆಲೆಗೆ 2017ರಲ್ಲಿ ಹಾಕಿದ ಮಿತಿ, ಮತ್ತೆ 2022ರ ನವೆಂಬರಿನಲ್ಲಿ ಗೊತ್ತುಮಾಡಿದ ಮಿತಿ, 19 ರೂಪಾಯಿ! ಹತ್ತೊಂಬತ್ತು ರೂಪಾಯಿಯ ಸರಕನ್ನು ಇಪ್ಪತ್ತು ರೂಪಾಯಿ ಸಾಗಣೆ ಕೊಟ್ಟು ಯಾವ ವ್ಯಾಪಾರಿ ಕಳಿಸುತ್ತಾನೆ? 2020ರಲ್ಲಿ ಒಂದು ಚಾನೆಲಿಗೆ ತಿಂಗಳಿಗೆ 4 ಲಕ್ಷದ ಗರಿಷ್ಠ ಮಿತಿ ಹಾಕಿದರು. ಅದರ ಅನುಕೂಲ ಇಡೀ ದೇಶ ಹಬ್ಬಿದ ದೊಡ್ಡ ಪೆಟ್ಟಿಗೆಗೆ ಹೋಗುವ ದೊಡ್ಡ ಚಾನೆಲಿಗೆ. ಎರಡು ಲಕ್ಷವೇ ಭಾರವಾದವನಿಗೆ ನಾಲ್ಕು ಲಕ್ಷದ ಮಿತಿಯಿಂದ ಏನು ಬಂತು?

ಕಾಶಿಯ ಪಟ್ಟಿಯಲ್ಲಿ ಚಂದನವೊಂದೇ ಏಕೆ ಇತ್ತೆಂಬುದು ಈಗ ತಿಳಿಯಿತಲ್ಲ. ಸರಕಾರ ಹೆಸರಿಸಿದ ದೂರದರ್ಶನದ ಚಾನೆಲುಗಳನ್ನು ತೋರಿಸಲೇಬೇಕೆಂದು 1995ರ ಕೇಬಲ್ ಕಾಯಿದೆಯ 8ನೆಯ ಕಲಮು ಕಡ್ಡಾಯ ಮಾಡಿದೆ. ಕಡ್ಡಾಯವಿದ್ದದ್ದು ಬಂತು, ಮೂಲೆಯಲ್ಲಿ ಕುಳಿತಿತು. ಕಡ್ಡಾಯವಿಲ್ಲದ್ದು ಬರಲೇ ಇಲ್ಲ. ನೂರಕ್ಕೆ ಐದರ ಲೆಕ್ಕ ವ್ಯಾಪಾರಕ್ಕೆ ಸರಿಯಿರಬಹುದು. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟ ಜನ ಹೋದ ಊರಿನಲ್ಲೆಲ್ಲ ನೂರಕ್ಕೆ ಐದಕ್ಕಿಂತ ಕಡಿಮೆಯೇ ಇರುತ್ತಾರೆ. ಕಾಶಿಯ ಕನ್ನಡಿಗನಿಗೆ ಹೇಗೋ ಹಾಗೆ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ಭೋಜಪುರಿಯವನಿಗೂ ಇದೇ ಗೇಟು. ನಮ್ಮ ಜಗಳ ಹಿಂದಿಯ ಮೇಲಲ್ಲ, ಹಿಂದಿಯವರ ಮೇಲೂ ಅಲ್ಲ, ಗೇಟಿನ ಮೇಲೆ.

ಗೇಟೆಂದರೆ ಗಿರಣಿಯ ಹಿರಿಯರಿಗೆ ಜಾಬರ್ ನೆನಪಾಗುತ್ತಾನೆ. ಬೆಳಗಿನ ಪಾಳಿಗೆ ಗೇಟಿನ ಮುಂದೆ ನಿಂತ ಬದಲಿಗಳಲ್ಲಿ ಯಾರನ್ನು ಒಳಗೆ ಬಿಡಬೇಕೆಂಬುದು ಅವನ ಕಣ್ಸನ್ನೆಯಲ್ಲಿತ್ತು. ಸಾಂಚಾ ಅವನದಲ್ಲ, ನೂಲು ಅವನದಲ್ಲ, ಬೆವರು ಅವನದಲ್ಲ. ಅವನದಾಗಿದ್ದದ್ದು ಸರತಿಯೊಂದೇ. ಆ ಸರತಿಯನ್ನು ಮಾರಿಯೇ ಅವನು ದಸ್ತೂರಿ ತಿಂದ. 1935ರಲ್ಲಿ ಮುಂಬಯಿಯ ಗಿರಣಿಗಳಲ್ಲಿ ಬದಲಿ ನಿಯಂತ್ರಣದ ಪದ್ಧತಿ ಬಂದು, ಕಾರ್ಡು ಇದ್ದವನಿಗೆ ಕ್ರಮವಾಗಿ ಕೆಲಸವೆಂದಾದ ಮೇಲೆಯೇ ಅವನ ಹಿಡಿತ ಸಡಿಲವಾಗತೊಡಗಿದ್ದು. ಇಂದಿನ ಚಾನೆಲ್ ಪಟ್ಟಿ ಅದೇ ಗೇಟು, ಅದೇ ಸರತಿ, ಅದೇ ದಸ್ತೂರಿ.

ಪಟ್ಟಿ ಯಾರ ಆಸ್ತಿ?

ಪಟ್ಟಿಯ ಇನ್ನೊಂದು ಕೆಲಸ, ಎಷ್ಟು ಗಂಟೆಗೆ ಏನು ಎಂದು ತಿಳಿಸುವುದು. ಇದರಲ್ಲಿಯೂ ಮಾಲೀಕರ ಹಿತ ಬೇರೆ, ನಮ್ಮ ಹಿತ ಬೇರೆ. ಯಾವ ಕಾರ್ಯಕ್ರಮ ಎಲ್ಲಿ, ಎಷ್ಟು ಹೊತ್ತಿಗೆಂದು ಸರಿಯಾಗಿ ತಿಳಿದವನು ಬೇಕಾದ್ದನ್ನು ನೋಡಿ ಟಿ.ವಿ. ಆರಿಸುತ್ತಾನೆ. ತಿಳಿಯದವನು ಕಾದು ಕೂರುತ್ತಾನೆ. ಕಾಯುವವನು ಜಾಹೀರಾತು ನೋಡುತ್ತಾನೆ. ಸರಿಯಾದ ವೇಳಾಪಟ್ಟಿ ಕೊಡುವ ಆತುರ ಚಾನೆಲಿನವರಿಗೆ ಏಕಿರಬೇಕು?

ಹಿಂದೆ ಹೀಗಿರಲಿಲ್ಲ. ಆಕಾಶವಾಣಿ ತನ್ನ ಕಾರ್ಯಕ್ರಮಗಳನ್ನು ಮುಂಚಿತವಾಗಿ ಅಚ್ಚು ಮಾಡಿ ಪತ್ರಿಕೆಯಾಗಿ ಮಾರುತ್ತಿತ್ತು. 'ಇಂಡಿಯನ್ ಲಿಸನರ್' ಎಂಬ ಆ ಪತ್ರಿಕೆ 1958ರಿಂದ 'ಆಕಾಶವಾಣಿ' ಎಂದು ಹೆಸರು ಬದಲಿಸಿಕೊಂಡಿತು. ಅದರಲ್ಲಿ ಯಾವ ನಿಲಯವೂ ಮುಂದಿನ ಪುಟಕ್ಕಾಗಿ ಹಣ ಕಟ್ಟಬೇಕಾಗಿರಲಿಲ್ಲ.

ಹೊರದೇಶಗಳಲ್ಲಿ ಈ ಪ್ರಶ್ನೆ ನ್ಯಾಯಾಲಯಕ್ಕೇ ಹೋಗಿದೆ. ಐರ್ಲೆಂಡಿನಲ್ಲಿ ಮ್ಯಾಗಿಲ್ ಎಂಬ ಪ್ರಕಾಶಕ ಸಂಸ್ಥೆ ಎಲ್ಲ ಚಾನೆಲುಗಳ ವಾರದ ಕಾರ್ಯಕ್ರಮವನ್ನು ಒಂದೇ ಪತ್ರಿಕೆಯಲ್ಲಿ ಕೊಡಹೊರಟಾಗ, ಪ್ರಸಾರ ಸಂಸ್ಥೆಗಳು ವೇಳಾಪಟ್ಟಿ ತಮ್ಮ ಸ್ವತ್ತೆಂದು ತಡೆದವು. ಅವು ತಮ್ಮ ತಮ್ಮ ಪತ್ರಿಕೆಗಳನ್ನು ಬೇರೆ ಬೇರೆಯಾಗಿ ಮಾರುತ್ತಿದ್ದವಲ್ಲ! 1995ರ ಏಪ್ರಿಲ್ 6ರಂದು ಯೂರೋಪಿನ ನ್ಯಾಯಾಲಯ, ಅದು ಅಧಿಕಾರದ ದುರುಪಯೋಗವೆಂದು ತೀರ್ಪು ಕೊಟ್ಟಿತು. ಆಸ್ಟ್ರೇಲಿಯಾದಲ್ಲಿ ಐಸ್ ಟಿ.ವಿ. ಎಂಬ ಸಣ್ಣ ಕಂಪನಿ ಸ್ವತಂತ್ರವಾಗಿ ಪಟ್ಟಿ ತಯಾರಿಸಿದಾಗ ನೈನ್ ನೆಟ್‌ವರ್ಕ್ ಎಂಬ ದೊಡ್ಡ ಪ್ರಸಾರ ಸಂಸ್ಥೆ ಮೊಕದ್ದಮೆ ಹೂಡಿತು. 2009ರ ಏಪ್ರಿಲ್ 22ರಂದು ಅಲ್ಲಿನ ಹೈಕೋರ್ಟು ಸಣ್ಣ ಕಂಪನಿಯ ಪರ ನಿಂತಿತು. ಬ್ರಿಟನ್ನಿನಲ್ಲಿ ಸಾರ್ವಜನಿಕ ಸೇವೆಯ ಚಾನೆಲುಗಳಿಗೆ ಪಟ್ಟಿಯಲ್ಲಿ ಎದ್ದುಕಾಣುವ ಸ್ಥಾನ ಕೊಡಬೇಕೆಂದು 2003ರ ಕಾಯಿದೆಯೇ ಹೇಳಿತು. ಪಟ್ಟಿ ಸಾರ್ವಜನಿಕರ ಸೌಕರ್ಯ, ಬರೀ ವ್ಯಾಪಾರದ ಸರಕಲ್ಲ ಎಂಬ ಮಾತು ಬೇರೆಯವರಿಗೆ ಅರ್ಥವಾದದ್ದು ನಮಗೇಕೆ ಆಗಬಾರದು?

ಆಕ್ಷೇಪಣೆಗಳಿಗೆ ಉತ್ತರ

'ಅಂಗಡಿಯವನು ತನ್ನ ಅಂಗಡಿಯ ಮುಂದೆ ಏನಿಡಬೇಕೆಂಬುದು ಅವನ ಇಷ್ಟವಲ್ಲವೆ?' ಎಂದು ಮಾಲೀಕರ ಪಕ್ಷದವರು ಕೇಳುತ್ತಾರೆ. ಅಂಗಡಿಗೆ ಹೋಗಲು ನಾವು ಪ್ರವೇಶ ಶುಲ್ಕ ಕೊಡುವುದಿಲ್ಲ. ಪೆಟ್ಟಿಗೆಗೆ ಕೊಡುತ್ತೇವೆ. 2019ರಲ್ಲಿ ಹೊಸ ದರ ಬಂದಾಗ ಯಾವ ಚಾನೆಲಿನ ಬೆಲೆಯೂ ಸೇರದೆ, ಬರೀ ತಂತಿಯ ಬಾಬ್ತು 130 ರೂಪಾಯಿ. ತೆರಿಗೆ ಸೇರಿ 153 ರೂಪಾಯಿ 40 ಪೈಸೆ. 2024ರ ಜುಲೈಯಲ್ಲಿ ಆ ಮಿತಿಯನ್ನೂ ತೆಗೆದುಹಾಕಿದರು. ನಮ್ಮ ಹೋಟೆಲಿನ ಬಾಗಿಲಲ್ಲಿ ತಿಂಡಿಗಳ ಹಲಗೆಯಿದೆ. ಅದರಲ್ಲಿ ಯಾವುದಿದೆ, ಯಾವುದು ಮುಗಿದಿದೆ, ದರವೆಷ್ಟು ಎಂದು ಬರೆಯುವುದು ಗಿರಾಕಿಗಾಗಿ. ಮೈದಾ ಕಂಪನಿಯವನಿಂದ ದುಡ್ಡು ತಿಂದು ಧಣಿಗಳು ಇಡ್ಲಿಯನ್ನು ಹಲಗೆಯ ಹಿಂಬದಿಗೆ ಬರೆಸಿ, ಬಂದವರ ಮುಂದೆಲ್ಲ ಕೇಳದೆ ಪರೋಟ ಇಟ್ಟು ಬಿಲ್ಲು ಹರಿದರೆ ಗಿರಾಕಿ ಸುಮ್ಮನಿರುತ್ತಾನೆಯೆ?

'ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ಅದರಲ್ಲಿ ನೋಡಿಕೊಳ್ಳಿ' ಎಂಬುದು ಎರಡನೆಯ ಮಾತು. ಮೊಬೈಲಿಗೂ ದುಡ್ಡು ಕೊಡಬೇಕು. ಹತ್ತು ಜನ ಒಟ್ಟಿಗೆ ಕುಳಿತು ಅದರಲ್ಲಿ ನೋಡಲಾಗುವುದಿಲ್ಲ. ಮೇಲಾಗಿ ಹೊಸ ಟಿ.ವಿ.ಗಳ ರಿಮೋಟಿನ ಮೇಲೆಯೇ ಕಂಪನಿಗಳ ಹೆಸರಿನ ಗುಂಡಿಗಳು ಬಂದು ಕುಳಿತಿವೆ. ದಳ್ಳಾಳಿ ಮನೆ ಬದಲಾಯಿಸಿದ್ದಾನೆ, ಕಸುಬು ಬಿಟ್ಟಿಲ್ಲ.

'ಕೇಬಲಿನವನೂ ಬಡವ' ಎಂಬುದು ಮೂರನೆಯದು. ಮಳೆಯಲ್ಲಿ ಏಣಿ ಹತ್ತಿ ತಂತಿ ಕಟ್ಟುವ ಹುಡುಗ ಬಡವ ನಿಜ. ಅವನು ನಮ್ಮವನು, ನಂಬರು ಮಾರಿದ ಹಣ ಅವನ ಕೈಗೆ ಬರುವುದಿಲ್ಲ.

ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. ಅನೇಕ ಕಡೆ ನಾವು ಪಟ್ಟಿ ತೆರೆಯುವುದೇ ಇಲ್ಲ. ತಾನಾಗಿ ಬಂದ ಬೊಬ್ಬೆಯ ಮುಂದೆ ಊಟ ಮಾಡಿ ಮಲಗುತ್ತೇವೆ. ಬೇಡದ್ದನ್ನು ನೋಡಿ ನೋಡಿ ಅದನ್ನೇ ಬೇಡತೊಡಗುತ್ತೇವೆ. ಟ್ರಾಯ್ ನಿಯಮ ಬದಲಿಸುವ ಮೊದಲು ಸಮಾಲೋಚನಾ ಪತ್ರ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಚಾನೆಲಿನ ಮಾಲೀಕರು ವಕೀಲರಿಂದ ಬರೆಯಿಸಿ ಕಳಿಸುತ್ತಾರೆ, ಪೆಟ್ಟಿಗೆಯ ಮಾಲೀಕರು ಕಳಿಸುತ್ತಾರೆ. ಹೋಟೆಲಿನ ಕಾರ್ಮಿಕನ ಒಂದು ಕಾರ್ಡಾದರೂ ಅಲ್ಲಿಗೆ ಹೋಗಿದೆಯೆ? ಕೇಳದವನಿಗೆ ತಾಯಿಯೂ ಬಡಿಸುವುದಿಲ್ಲವಂತೆ. ಟ್ರಾಯ್ ನಮ್ಮ ತಾಯಿಯೂ ಅಲ್ಲ.

ನಾವು ಕೇಳುವುದು ಇಷ್ಟು:

1. ಪೆಟ್ಟಿಗೆ ಹಚ್ಚಿದಾಗ ನಾವು ಕೊನೆಗೆ ನೋಡಿದ ಚಾನೆಲು, ಇಲ್ಲವೆ ಪಟ್ಟಿ ತೆರೆಯಬೇಕು. ಹಣ ಕೊಟ್ಟವನ ಚಾನೆಲು ತೆರೆಯಬಾರದು.

2. ಭಾಷೆಯ ಕ್ರಮವನ್ನು ಗಿರಾಕಿಯೇ ಗೊತ್ತುಮಾಡುವಂತಿರಬೇಕು. ಕನ್ನಡವನ್ನು ಮೊದಲಿಡು ಎಂದರೆ ಕನ್ನಡ ಮೊದಲು ಬರಬೇಕು. ಪಟ್ಟಿ ಕನ್ನಡ ಲಿಪಿಯಲ್ಲಿ ಕಾಣಬೇಕು.

3. ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಸುದ್ದಿಯ ಉಚಿತ ಚಾನೆಲು ಇರುವ ಪ್ರತಿಯೊಂದು ಭಾಷೆಗೂ, ಅಂಥ ಒಂದಾದರೂ ಚಾನೆಲು ಸಾಗಣೆ ಶುಲ್ಕವಿಲ್ಲದೆ, ನೂರಕ್ಕೆ ಐದರ ಷರತ್ತಿಲ್ಲದೆ, ಎಲ್ಲ ಮಹಾನಗರಗಳಲ್ಲಿಯೂ ಯಾತ್ರಾಸ್ಥಳಗಳಲ್ಲಿಯೂ ಸಿಗಬೇಕು.

4. ಯಾವ ಚಾನೆಲಿನಿಂದ ಯಾವ ಸ್ಥಾನಕ್ಕೆ ಎಷ್ಟು ಹಣ ಬಂತೆಂಬುದನ್ನು ಪೆಟ್ಟಿಗೆಯ ಮಾಲೀಕರು ವರ್ಷಕ್ಕೊಮ್ಮೆ ಪ್ರಕಟಿಸಬೇಕು.

5. ವಾರದ ವೇಳಾಪಟ್ಟಿಯನ್ನು ಮುಂಚಿತವಾಗಿ, ಸರಿಯಾಗಿ, ಕೇಳಿದ ಯಾವ ಪತ್ರಿಕೆಗಾದರೂ ಉಚಿತವಾಗಿ ಕೊಡಬೇಕು.

ಈ ಐದು ಬೇಡಿಕೆಗಳ ಮನವಿಯನ್ನು ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಪಾಳಿ ಮುಗಿಸಿ ಹೋಗುವಾಗ ಬಂದು ಓದಿ, ಒಪ್ಪಿಗೆಯಾದರೆ ರುಜು ಹಾಕಿ. ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು ಓದು ಬಾರದವರಿಗೆ ಓದಿ ಹೇಳಿ. ಪಕ್ಕದ ಕೋಣೆಯ ತಮಿಳರನ್ನೂ ಭೋಜಪುರಿಯವರನ್ನೂ ಕರೆತನ್ನಿ. ಬೇಡಿಕೆ ಅವರದೂ ಹೌದು. ಮೊದಲ ರುಜು ಆಗಲೇ ಬಿದ್ದಿದೆ. ಕಾಶಿಯಿಂದ ಬಂದ ವಾರವೇ ಆ ಗಿರಣಿಯ ಹಿರಿಯರು ಕಚೇರಿಗೆ ಬಂದು, ಕನ್ನಡಕ ಹಾಕಿಕೊಂಡು ಐದನ್ನೂ ಓದಿಸಿ ಕೇಳಿ, ಕನ್ನಡದಲ್ಲಿ ದೊಡ್ಡದಾಗಿ ಹೆಸರು ಬರೆದು ಹೋದರು. ಅದರ ಕೆಳಗೆ ಜಾಗ ಬಹಳವಿದೆ.